ಸೈಕಲ್ಲಿನ ಪಯಣವೂ ಭಾನುವಾರದ ಪೂಜೆಯೂ



ಈ ಶತಮಾನೋತ್ಸವದ ಸಂದರ್ಭದಲ್ಲಿ ಯುವಜನರನ್ನು ಕುರಿತು ಎರಡು ಮಾತು ಹೇಳಬಯಸುತ್ತೇವೆ. ನಮ್ಮ ಕಾಲೇಜು ಅಧ್ಯಾಪಕರೊಬ್ಬರು ಭಾನುವಾರ ನಸುಕಿನಲ್ಲೇ ತರುಣರೊಡನೆ ಸೈಕಲ್ಲೇರಿ ಆನೆಗೊಂದಿಯ ದಾರಿ ಹಿಡಿಯುತ್ತಾರೆ. ಬಿಸಿಲೇರಿದರೆ ತುಂಗಭದ್ರೆಯ ದಡದ ಹೆಬ್ಬಂಡೆಗಳು ಕಾದ ಹಂಚಾಗುವುವು, ಬೇಗ ಹೊರಡಲೇಬೇಕು. “ಪೂಜೆ ಬಿಟ್ಟು ಅಲೆದಾಟವೇ?” ಎಂದು ಹಿರಿಯರು ಕೇಳುತ್ತಾರೆ.

ಪ್ರಶ್ನೆ ಯೋಗ್ಯವಾದುದೇ. ಆದರೆ ಸಾಹಸವು ವಿದ್ಯೆಗಾಗಲಿ ಭಕ್ತಿಗಾಗಲಿ ಶತ್ರುವಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡುಬೆಟ್ಟಗಳಿಗೆ ಕರೆದೊಯ್ದು ಸಸ್ಯಶಾಸ್ತ್ರ ಕಲಿಸಿದರು. ಆ ಅನುಭವದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಮಿಲಾನಿನ ಗುರುಮಠದಲ್ಲಿ ಬೋಧಿಸಿದ್ದ ಅಖಿಲ್ಲೆ ರಾತ್ತಿ ಸ್ವಾಮಿಗಳು 1889ರಲ್ಲಿ ಆಲ್ಪ್ಸಿನ ಮೋಂತೆ ರೋಸಾ ಪರ್ವತವನ್ನೇರಿ, ಇಕ್ಕಟ್ಟಾದ ಬಂಡೆಯಂಚಿನಲ್ಲಿ ರಾತ್ರಿ ಕಳೆದರು. 1922ರಲ್ಲಿ ಅವರೇ ಜಗದ್ಗುರು ಹನ್ನೊಂದನೆಯ ಪಯಸ್ ಆದರು. ಇಟಲಿಯ ಗಿಸಾಲ್ಲೊ ಬೆಟ್ಟದ ಮಾತೆ ಮರಿಯಳನ್ನು 1949ರಲ್ಲಿ ಹನ್ನೆರಡನೆಯ ಪಯಸ್ ಅವರು ಸೈಕಲ್ ಸವಾರರ ಪಾಲಕಿಯೆಂದು ಸಾರಿದರು.

ಹಾಗೆಂದು ಪೂಜೆ ತಪ್ಪಬಾರದು. ಶನಿವಾರ ಸಂಜೆಯ ಪೂಜೆಯಿಂದಲೂ ಭಾನುವಾರದ ಕರ್ತವ್ಯ ನೆರವೇರುವುದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಆದುದರಿಂದ ಮೊದಲು ಪೀಠದ ಮುಂದೆ ಮೊಣಕಾಲೂರಿ, ಅನಂತರ ಸೈಕಲ್ ಹತ್ತಿರಿ.

ದೂರದ ದಾರಿಯಲ್ಲಿ ಮುಂದೆ ಹೋದವನು ನಿಂತು, ಹಿಂದುಳಿದವನಿಗಾಗಿ ಕಾಯಬೇಕೆಂಬುದು ಆ ಅಧ್ಯಾಪಕರ ನಿಯಮ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರಕ್ಕೂ ಅದೇ ನಿಯಮವಾಗಲಿ. ಯಾರೊಬ್ಬರೂ ದಾರಿಯಲ್ಲಿ ಒಂಟಿಯಾಗಿ ಉಳಿಯದಂತೆ ಪ್ರಭು ನಮ್ಮೆಲ್ಲರನ್ನೂ ನಡೆಸಲಿ.