ಹೆದರಿಕೆಯ ಸುಖ

ಹಿತ್ತಲಿನಲ್ಲಿ ಹಾವು ಕಂಡಿತೆಂದರೆ ಎದ್ದು ಓಡುವ ನಾವು, ಹಣ ಕೊಟ್ಟು ಚೀಟಿ ಕೊಂಡು, ಕತ್ತಲೆಯ ಚಿತ್ರಮಂದಿರದಲ್ಲಿ ಕುಳಿತು ಹೆದರಿ ಬರುತ್ತೇವೆ. ಸಾಕಷ್ಟು ಹೆದರಿಕೆಯಾಗದಿದ್ದರೆ ಕೊಟ್ಟ ಹಣ ದಂಡವಾಯಿತೆಂದು ಗೊಣಗುವುದೂ ಉಂಟು. ಇದೆಂತಹ ವಿಚಿತ್ರ! ಭರತಮುನಿಯು ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಒಂದಷ್ಟೆ. ಲೋಕದಲ್ಲಿ ಬೇಡವಾದ ಭಯವು ರಂಗದ ಮೇಲೆ ಆಸ್ವಾದ್ಯವಾಗುವುದು ಹೇಗೆಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಟ್ಟು, ನನ್ನ ಅನುಭವವೊಂದನ್ನು ಮಾತ್ರ ಈ ಸಂಜೆ ತಮ್ಮ ಮುಂದಿಡುತ್ತೇನೆ.

ಆಲ್‌ಫ್ರೆಡ್ ಹಿಚ್‌ಕಾಕ್ ಎಂಬ ನಿರ್ದೇಶಕನು 1960ರಲ್ಲಿ ತೆರೆಗೆ ತಂದ ‘ಸೈಕೋ’ ಎಂಬ ಕಪ್ಪುಬಿಳುಪಿನ ಚಿತ್ರವನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಮೇರಿಯನ್ ಎಂಬ ತರುಣಿಯು, ಬ್ಯಾಂಕಿಗೆ ಕಟ್ಟಲು ಯಜಮಾನನು ಕೊಟ್ಟ 40,000 ಡಾಲರುಗಳನ್ನು ಎತ್ತಿಕೊಂಡು ಓಡಿಹೋಗುತ್ತಾಳೆ. ಮಳೆಯ ರಾತ್ರಿಯಲ್ಲಿ ನಿರ್ಜನವಾದ ಒಂದು ವಸತಿಗೃಹದಲ್ಲಿ ತಂಗುತ್ತಾಳೆ. ಅದನ್ನು ನೋಡಿಕೊಳ್ಳುವ ನಾರ್ಮನ್ ಎಂಬ ಸಂಕೋಚಸ್ವಭಾವದ ಯುವಕನೊಡನೆ ಮಾತನಾಡಿದ ಮೇಲೆ ಅವಳ ಮನಸ್ಸು ತಿರುಗುತ್ತದೆ. ಹಣವನ್ನು ಹಿಂದಿರುಗಿಸಲು ನಿಶ್ಚಯಿಸಿ ಸ್ನಾನಕ್ಕೆ ಹೋಗುತ್ತಾಳೆ. ಅಲ್ಲಿಯೇ ಅವಳ ಕೊಲೆಯಾಗುತ್ತದೆ.

ಮೊದಲ ಸಲ ನೋಡಿದಾಗ ನಾನು ಕಣ್ಣು ಮುಚ್ಚಿದೆ. ಕಿವಿ ಮುಚ್ಚಲು ಮರೆತೆ. ಸಂಗೀತಕಾರ ಬರ್ನಾರ್ಡ್ ಹರ್ಮನ್ ಈ ಚಿತ್ರಕ್ಕೆ ತಂತಿವಾದ್ಯಗಳನ್ನಷ್ಟೇ ಬಳಸಿದ. ಆ ದೃಶ್ಯಕ್ಕೆ ಸಂಗೀತವೇ ಬೇಡವೆಂದು ನಿರ್ದೇಶಕನು ಮೊದಲು ಎಣಿಸಿದ್ದನಂತೆ. ಪಿಟೀಲುಗಳ ಆ ಚೀತ್ಕಾರ ಕೇಳಿದವರಿಗೆ, ಕಣ್ಣಿಗಿಂತ ಕಿವಿಯೇ ಹೆಚ್ಚು ಅಂಜುಬುರುಕವೆಂಬುದು ಮನದಟ್ಟಾಗುತ್ತದೆ. ಆಮೇಲೆ ಎಷ್ಟೋ ದಿನ ಸ್ನಾನದ ಮನೆಯ ಅಗಳಿ ಹಾಕಲು ನನಗೆ ಧೈರ್ಯ ಬರಲಿಲ್ಲ. ಮನೆಯವರು ನಕ್ಕರು, ನಾನೂ ನಕ್ಕೆ, ಅಗಳಿಯನ್ನು ಮಾತ್ರ ಹಾಕಲಿಲ್ಲ.

ಕೆಲವು ವರ್ಷಗಳ ತರುವಾಯ, ಈ ಅಳುಕನ್ನು ಕಳೆದುಕೊಳ್ಳಬೇಕೆಂದೇ ಅದನ್ನು ಮತ್ತೆ ನೋಡಿದೆ. ತೆರೆಯ ಮೇಲೆ ಹರಿದದ್ದು ರಕ್ತವಲ್ಲ, ಚಾಕೊಲೇಟಿನ ಪಾಕವೆಂಬುದು ಅಷ್ಟರಲ್ಲಿ ತಿಳಿದಿದ್ದಿತು. ಕಣ್ಣು ತೆರೆದೇ ಕುಳಿತೆ. ಹೆದರಿಕೆ ಬಹುಮಟ್ಟಿಗೆ ಇಳಿಯಿತು. ಆದರೆ ಮೊದಲು ಕಾಣದ ಇನ್ನೊಂದು ಕಂಡಿತು.

ಕೊಲೆಯ ಗುರುತು ಉಳಿಯದಂತೆ ನಾರ್ಮನ್ ನೆಲವನ್ನು ತೊಳೆದು, ಶವವನ್ನು ಅವಳ ಕಾರಿನಲ್ಲಿಯೇ ಇಟ್ಟು ಅದನ್ನು ಕೆಸರುಮಡುವಿಗೆ ನೂಕುತ್ತಾನೆ. ಕಾರು ಮೆಲ್ಲಮೆಲ್ಲನೆ ಇಳಿದು, ನಡುವೆ ಥಟ್ಟನೆ ನಿಲ್ಲುತ್ತದೆ. ಆ ಕ್ಷಣದಲ್ಲಿ ನನ್ನ ಉಸಿರೂ ನಿಂತಿತು. “ಮುಳುಗಬಾರದೆ!” ಎಂದು ಮನಸ್ಸು ಹಂಬಲಿಸಿತು. ಅದು ಮುಳುಗಿದಾಗ ಸಮಾಧಾನವೂ ಆಯಿತು. ಯಾರ ಕಾರು ಅದು? ಒಳಗಿದ್ದವಳು ಯಾರು? ಹತ್ತು ನಿಮಿಷದ ಹಿಂದೆ ಯಾರಿಗಾಗಿ ಮರುಗಿದ್ದೆನೋ ಅವಳೇ. ಕೊಂದವನು ಯಾರಾದರೂ ಆಗಲಿ, ಅವಳನ್ನು ಮರೆಮಾಡಲು ನಾನೂ ಕೈಗೂಡಿಸಿದಂತಾಯಿತಲ್ಲ! ಎದುರಿಗೆ ಕಾಣುವವನ ಗಾಬರಿಗೆ ಕರಗುವುದು ಎಷ್ಟು ಸುಲಭ. ಕಣ್ಮರೆಯಾದವಳನ್ನು ಮರೆಯುವುದೂ ಅಷ್ಟೇ ಸುಲಭ. ದಿನದ ಬಾಳಿನಲ್ಲಿಯೂ ನಾವು ಹೀಗೆಯೇ ನಡೆಯುತ್ತಿಲ್ಲವೆ?

ಬರಿಯ ಪಿಶಾಚಿಗಳನ್ನು ಕುಣಿಸುವ ಚಿತ್ರಗಳನ್ನೂ ನೋಡಿದ್ದೇನೆ. ಹೊರಗೆ ಬಂದು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಅವು ಮರೆತುಹೋಗುತ್ತವೆ. ಇದು ಮರೆಯಲಿಲ್ಲ. ಸ್ನಾನದ ಮನೆಯ ಅಗಳಿಯನ್ನು ಈಗ ನಿರ್ಭಯವಾಗಿ ಹಾಕುತ್ತೇನೆ. ನನ್ನ ಮನಸ್ಸಿನ ವಿಷಯದಲ್ಲಿ ಮಾತ್ರ ಅಂದಿನಿಂದ ಸ್ವಲ್ಪ ಎಚ್ಚರವಾಗಿದ್ದೇನೆ.