ಮೊದಲ ದೋಣಿ

ನಮ್ಮದು ಬಿಸಿಲ ಸೀಮೆ. ಇಲ್ಲಿ ದೋಣಿಯ ಮಾತೇಕೆ ಎಂದು ನೀವು ನಗಬಹುದು. ಆದರೆ ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿಯುವ ಕಾಗಿಣಾ, ಶಹಾಬಾದವನ್ನು ಹಾಯ್ದು ಹೊನಗುಂಟದ ಬಳಿ ಭೀಮೆಯನ್ನು ಕೂಡುತ್ತದೆ. ಚಿಂಚೋಳಿಯ ಗುಡ್ಡಗಳ ನಡುವೆ ಚಂದ್ರಂಪಳ್ಳಿ ಜಲಾಶಯವಿದೆ. ಸೇಡಮ್ಮಿನ ಸುತ್ತ ಕೆರೆಗಳಿವೆ. ಮೀನು ಹಿಡಿಯಲೆಂದೋ, ವಿಹಾರಕ್ಕೆಂದೋ ಮನೆಗೊಂದು ದೋಣಿ ತರುವವರು ಮೊದಲು ಯಾವುದನ್ನು ಕೊಳ್ಳಬೇಕು? ಇದೇ ಇಂದಿನ ವಿಷಯ.

ದೋಣಿಗಿಂತ ಮೊದಲು ನೀರನ್ನು ನೋಡಿರಿ. ಶಹಾಬಾದ, ವಾಡಿ, ಚಿತ್ತಾಪುರದ ಕಡೆ ಪರ್ಸಿ ಕಲ್ಲು ತೆಗೆದು ಬಿಟ್ಟ ಗಣಿಗಳಲ್ಲಿ ಮಳೆಯ ನೀರು ನಿಂತು ಕೆರೆಯಂತೆ ತೋರುತ್ತದೆ. ಅದು ಕೆರೆಯಲ್ಲ. ಕೆರೆಗೆ ಇಳಿಜಾರು ದಂಡೆ. ಗಣಿಗೆ ಕಡಿದ ಗೋಡೆ. ಬಿದ್ದವನಿಗೆ ಕಾಲೂರಲು ನೆಲ ಸಿಗದು, ಹತ್ತಿ ಬರಲು ದಾರಿ ಸಿಗದು. ಅಲ್ಲಿಗೆ ಯಾವ ದೋಣಿಯೂ ಬೇಡ.

ನಮಗೆ ಪರಿಚಿತವಾದುದು ಹರಿಗೋಲು. ಬಿದಿರಿನ ಬುಟ್ಟಿ ಹೆಣೆದು, ಹಿಂದೆ ಚರ್ಮವನ್ನು ಹೊದಿಸುತ್ತಿದ್ದರು; ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಸಣ್ಣದನ್ನು ಒಬ್ಬನೇ ಹೊತ್ತೊಯ್ಯಬಹುದು. ಗೇಣುದ್ದ ನೀರಿನಲ್ಲೂ ಅದು ತೇಲುತ್ತದೆ. ಆದರೆ ಹೊಸಬರು ಹುಟ್ಟು ಹಾಕಿದರೆ ಇದ್ದಲ್ಲೇ ಗಿರಗಿರನೆ ತಿರುಗುತ್ತದೆ. ಬಲ್ಲವನು ಮುಂದೆ ಕುಳಿತು ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ದುಂಡನೆಯ ಬುಟ್ಟಿಯಾದುದರಿಂದ ಗಾಳಿ ನೂಕಿದತ್ತ ಜಾರುತ್ತದೆ. ಬಲ್ಲವರಿಂದ ಕಲಿತ ಮೇಲೆ ಸಣ್ಣ ಕೆರೆಗೆ ಅದು ಸರಿ. ಜಲಾಶಯದ ನಡುನೀರಿಗೆ ಹೊಸಬರು ಅದನ್ನು ಒಯ್ಯಬಾರದು.

ದೊಡ್ಡ ನೀರಿಗೆ ಅಗಲವಾದ, ಚಪ್ಪಟೆ ತಳದ ಸಣ್ಣ ದೋಣಿ ಲೇಸು. ತಳವು 3 ಚದರ ಮೀಟರ್ ಇದ್ದರೆ, 60 ಕಿಲೋ ತೂಕದ ಒಬ್ಬರು ನಡುವೆ ಕುಳಿತಾಗ ಅದು ಸುಮಾರು 2 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಅವರೇ ಅಂಚಿನಲ್ಲಿ ಎದ್ದು ನಿಂತರೆ ಈ ಲೆಕ್ಕ ನಿಲ್ಲದು, ದೋಣಿಯೂ ನಿಲ್ಲದು.

ಇನ್ನೊಂದು ಮಾತು. ಮರದ ಹಲಗೆ ತಾನಾಗಿ ತೇಲುತ್ತದೆ, ಫೈಬರ್ ತೇಲುವುದಿಲ್ಲ. ಫೈಬರ್ ದೋಣಿಯಲ್ಲಿ ಗಾಳಿಪೆಟ್ಟಿಗೆಯಾಗಲಿ ಫೋಮ್ ಆಗಲಿ ಇಲ್ಲದಿದ್ದರೆ, ನೀರು ತುಂಬಿದೊಡನೆ ತಳ ಸೇರುತ್ತದೆ. ಆದುದರಿಂದ ಕೊಳ್ಳುವ ಮುನ್ನ ಸೊಂಟಮಟ್ಟದ ನೀರಿನಲ್ಲಿ ಬೇಕೆಂದೇ ನೀರು ತುಂಬಿಸಿ ಪರೀಕ್ಷಿಸಿರಿ. ತುಂಬಿದರೂ ತೇಲುವುದನ್ನೇ ಆರಿಸಿರಿ. ದೋಣಿ ಮಗುಚಿದ ದಿನ ನೀವು ಹಿಡಿದುಕೊಳ್ಳುವುದು ಅದನ್ನೇ ಅಲ್ಲವೇ?

ಇದ್ದ ಹಣವನ್ನೆಲ್ಲ ದೋಣಿಗೇ ಸುರಿಯಬೇಡಿರಿ. ಕೂರುವವರು ಎಷ್ಟು ಮಂದಿಯೋ ಅಷ್ಟು ಜೀವರಕ್ಷಕ ಕವಚಗಳೂ ಬೇಕು. ಈಜು ಬಲ್ಲವರೂ ಅದನ್ನು ತೊಡಬೇಕು. ಚಂದ್ರಂಪಳ್ಳಿಯ ಸುತ್ತಲಿನದು ವನ್ಯಜೀವಿಧಾಮ. ಅನುಮತಿಯಿಲ್ಲದೆ ಅಲ್ಲಿ ನೀರಿಗಿಳಿಯುವಂತಿಲ್ಲ. ಪಡುವಣದಲ್ಲಿ ಮೋಡ ಕಪ್ಪಾದೊಡನೆ ದಂಡೆಗೆ ಬನ್ನಿರಿ. ಹೊರಡುವಾಗ ಎಲ್ಲಿಗೆ ಹೋಗುವಿರಿ, ಎಷ್ಟು ಹೊತ್ತಿಗೆ ಮರಳುವಿರಿ ಎಂಬುದನ್ನು ಮನೆಯವರಿಗೆ ಹೇಳಿ ಹೋಗಿರಿ. ಆ ಹೊತ್ತಿಗೆ ತಪ್ಪದೆ ಮನೆ ಸೇರಿರಿ.