ಬಾತುಕೋಳಿ ಪ್ಲೇಗ್: ಒಂದು ಪ್ರಶ್ನೆಗೆ ತಡವಾದ ಉತ್ತರ

(ಶತಮಾನೋತ್ಸವದ ಸಂದರ್ಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯು ತಾನು ಕಲಿಸಿದ್ದನ್ನು ನೆನೆಯುವಂತೆ, ಕಲಿಸಲಾರದೆ ಹೋದುದನ್ನೂ ನೆನೆಯಬೇಕು. ಕೆಲವು ವರ್ಷಗಳ ಹಿಂದೆ, ಮನೆಯ ಬಾತುಕೋಳಿಗಳೆಲ್ಲ ಒಂದೇ ವಾರದಲ್ಲಿ ಸತ್ತುವೆಂದು ಅಳುತ್ತ ಬಂದ ಏಳನೆಯ ತರಗತಿಯ ಬಾಲಕನೊಬ್ಬನು, “ಮಿಸ್, ನೀರಾಗೇ ಆಡೋ ಬಾತುಕೋಳಿ ಅದೆಂಗೆ ಸತ್ತೋದ್ವು?” ಎಂದು ಕೇಳಿದನು. “ಬಿಸಿಲಿಗೆ ಇರಬೇಕು” ಎಂದು ನಾವು ಹೇಳಿ ಕಳುಹಿಸಿದೆವು. ಮನೆಯವರು ಸತ್ತ ಹಕ್ಕಿಗಳನ್ನು ಕೆರೆಗೆ ಎಸೆದರು. ಕೆಲವೇ ದಿನಗಳಲ್ಲಿ ನೆರೆಮನೆಯ ಬಾತುಕೋಳಿಗಳೂ ಸತ್ತವು. ಅವುಗಳನ್ನು ಯಾರೂ ಪರೀಕ್ಷಿಸಲಿಲ್ಲ. ಆದರೆ ಬಾಲಕನು ಹೇಳಿದ ಹಸಿರು ಭೇದಿ, ಬೆಳಕಿಗೆ ಕಣ್ಣು ಮುಚ್ಚುವುದು, ರೆಕ್ಕೆ ಜೋಲುವುದು, ಇವೆಲ್ಲ ಬಾತುಕೋಳಿ ಪ್ಲೇಗಿನ ಲಕ್ಷಣಗಳೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

1923ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮೊದಲು ವರದಿಯಾದ ಈ ರೋಗವು ಭಾರತದಲ್ಲಿ 1963ರಲ್ಲಿ ಪಶ್ಚಿಮ ಬಂಗಾಳದಿಂದ ವರದಿಯಾಯಿತು. ಮನುಷ್ಯರ ಪ್ಲೇಗಿಗೂ ಇದಕ್ಕೂ ಸಂಬಂಧವಿಲ್ಲ. ಅದು ಬ್ಯಾಕ್ಟೀರಿಯಾದಿಂದ, ಇದು ಹರ್ಪಿಸ್ ಕುಟುಂಬದ ವೈರಾಣುವಿನಿಂದ ಬರುತ್ತದೆ.

ರೋಗ ತಗುಲಿದ ಹಕ್ಕಿಯ ಹಿಕ್ಕೆ ಬೆರೆತ ನೀರನ್ನು ಕುಡಿದಾಗ ವೈರಾಣು ಒಳಸೇರುತ್ತದೆ. ಮೊದಲು ಅನ್ನನಾಳ ಮತ್ತು ಕರುಳಿನ ಒಳಪೊರೆಯಲ್ಲಿ ವೃದ್ಧಿಸುತ್ತದೆ. ಬಳಿಕ ರೋಗದೊಡನೆ ಹೋರಾಡಬೇಕಾದ ಥೈಮಸ್ ಗ್ರಂಥಿ, ಬರ್ಸಾ, ಗುಲ್ಮಗಳನ್ನೇ ಹಿಡಿಯುತ್ತದೆ, ಯಕೃತ್ತಿಗೂ ಹರಡುತ್ತದೆ. ಕಾವಲುಗಾರನನ್ನೇ ಕಟ್ಟಿಹಾಕುವ ಕಳ್ಳನ ರೀತಿ ಇದು. ರಕ್ತನಾಳಗಳು ಶಿಥಿಲವಾಗಿ ಹೃದಯದಲ್ಲಿ, ಯಕೃತ್ತಿನಲ್ಲಿ, ಕರುಳಿನಲ್ಲಿ ರಕ್ತ ಒಸರುತ್ತದೆ. ಕರುಳಿನ ಸುತ್ತ ಬಳೆಯಂತಹ ಕೆಂಪು ಪಟ್ಟಿಗಳೇಳುತ್ತವೆ. ಸೋಂಕಿನ 3ರಿಂದ 7 ದಿನಗಳಲ್ಲಿ ಲಕ್ಷಣಗಳು ತೋರಿ, ಸಾಮಾನ್ಯವಾಗಿ 5 ದಿನಗಳೊಳಗೆ ಸಾವು ಬರುತ್ತದೆ. ಬದುಕುಳಿದ ಹಕ್ಕಿಯ ನರಗಳಲ್ಲಿ ವೈರಾಣು ಅಡಗಿದ್ದು, ಮುಂದೊಮ್ಮೆ ಎಚ್ಚೆತ್ತು ಮತ್ತೆ ನೀರನ್ನು ಸೇರಬಲ್ಲುದು.

ಆದುದರಿಂದ ಬಾತುಕೋಳಿ ಸಾಕುವ ಪೋಷಕರಲ್ಲಿ ನಮ್ಮ ವಿನಂತಿ: ಮೊದಲೇ ಲಸಿಕೆ ಹಾಕಿಸಿರಿ, ಸಂತೆಯಿಂದ ತಂದ ಹಕ್ಕಿಗಳನ್ನು ಕೆಲವು ದಿನ ಬೇರೆ ಇರಿಸಿರಿ, ಸತ್ತವನ್ನು ಕೆರೆಗೆ ಹಾಕದೆ, ಸುಣ್ಣ ಹರಡಿ ಆಳವಾಗಿ ಹೂಳಿರಿ. ಬರಿಗೈಯಿಂದ ಮುಟ್ಟದೆ ಪಶುವೈದ್ಯರಿಗೆ ತಿಳಿಸಿರಿ. ಈ ಪ್ಲೇಗ್ ಮನುಷ್ಯರಿಗೆ ತಗುಲದು. ಆದರೆ ಹಕ್ಕಿಜ್ವರ ತಗುಲಬಹುದು, ಮತ್ತು ಎರಡರ ವ್ಯತ್ಯಾಸ ಬರಿಗಣ್ಣಿಗೆ ತಿಳಿಯದು. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಟರ್ಕಿ ಕೋಳಿಗಳು ಸತ್ತಾಗ, ಅದು ಹಕ್ಕಿಜ್ವರವೆಂದು ಖಚಿತವಾದದ್ದು ಪ್ರಯೋಗಾಲಯದ ಪರೀಕ್ಷೆಯಿಂದಲೇ. ನಮ್ಮ ಮೂಕಂಡಪಲ್ಲಿಗೆ ಸಮೀಪದ ಮತ್ತಿಗಿರಿಯಲ್ಲಿ ಕೋಳಿ ಸಾಕಣೆಯನ್ನು ಕಲಿಸುವ ಸರ್ಕಾರಿ ಕಾಲೇಜೇ ಇದೆ. ಕೇಳುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ.

ಅಂದು “ಗೊತ್ತಿಲ್ಲ, ಕೇಳಿ ಹೇಳುತ್ತೇವೆ” ಎನ್ನಲು ನಾವು ಸಂಕೋಚಪಟ್ಟೆವು. ಆ ಸಂಕೋಚದ ಬೆಲೆಯನ್ನು ತೆತ್ತದ್ದು ಬೇರೆಯವರ ಮನೆ. ಅಧ್ಯಾಪಕ ಬಂಧುಗಳು ಮಕ್ಕಳ ಮುಂದೆ ಆ ಮಾತನ್ನು ನಿಸ್ಸಂಕೋಚವಾಗಿ ಆಡಲಿ. ಆಮೇಲೆ ಕೇಳಿ ತಿಳಿದು, ಅವರ ಮನೆಮಾತಾದ ಕನ್ನಡದಲ್ಲೇ ಹೇಳಲಿ. ಆ ಬಾಲಕನು ಇಂದು ಈ ಸಭೆಯಲ್ಲಿದ್ದರೆ, ತಡವಾದ ಈ ಉತ್ತರವನ್ನು ಸ್ವೀಕರಿಸಬೇಕೆಂದು ಕೋರುತ್ತೇವೆ.